ದಪ್ಪ ಎಲುಬಿನ ನೆಲ್ಡಾ

2019ರ ಮಾರ್ಚ್ 6ರ ಬುಧವಾರ, ಊರಿನ ಪತ್ರಿಕೆಯ ಏಳನೆಯ ಪುಟದಲ್ಲಿ ನೆಲ್ಡಾ ಹನಿಕಟ್‌ಳ ಮರಣವಾರ್ತೆ ಅಚ್ಚಾಯಿತು. ಒಟ್ಟು ಹದಿನಾಲ್ಕು ಸಾಲು. ವಯಸ್ಸು ಅರವತ್ತೆಂಟು, ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳ ಸೇವೆ, ಸೀಡರ್ ಫೋರ್ಕ್ ಬ್ಯಾಪ್ಟಿಸ್ಟ್ ಚರ್ಚಿನ ಗಾಯಕವೃಂದದಲ್ಲಿ ನಲವತ್ತೊಂದು ವರ್ಷ, ಪತಿ ಹಿಂದೆಯೇ ಗತಿಸಿದ್ದಾರೆ, ಅಣ್ಣ ಎಲ್ಬರ್ಟ್ ಲೌಡರ್ ಇದ್ದಾರೆ. ಹನ್ನೊಂದನೆಯ ಸಾಲು ಹೀಗಿತ್ತು: “ಅರವತ್ತೈದು ಪೌಂಡು ತೂಕ ಇಳಿಸಿ ಇಡೀ ಸಭೆಗೆ ಮಾದರಿಯಾಗಿದ್ದರು.”

ಎಲ್ಬರ್ಟ್ ಅಂಗಿಯ ಜೇಬಿನಿಂದ ಪೆನ್ಸಿಲ್ ತೆಗೆದು ಪತ್ರಿಕೆಯ ಅಂಚಿನಲ್ಲೇ ಕಳೆಯುವ ಲೆಕ್ಕ ಮಾಡಿದರು. ಇನ್ನೂರ ನಲವತ್ತಮೂರರಲ್ಲಿ ನೂರ ಎಪ್ಪತ್ತೆಂಟು ಕಳೆದರೆ ಅರವತ್ತೈದು. ಸರಿಯಾಗಿತ್ತು. ತಪ್ಪಿದ್ದರೆ ಪತ್ರಿಕೆಯ ಕಚೇರಿಗೆ ಹೋಗಿ ತಿದ್ದುಪಡಿ ಹಾಕಿಸಬಹುದಿತ್ತು. ಸರಿಯಾಗಿರುವುದನ್ನು ತಿದ್ದಿಸುವ ದಾರಿ ಅವರಿಗೆ ತಿಳಿದಿರಲಿಲ್ಲ. ಆ ಅರವತ್ತೈದರಲ್ಲಿ ನೆಲ್ಡಾ ಇಳಿಸಿದ್ದು ನಲವತ್ತೊಂದು ಪೌಂಡು ಮಾತ್ರ. ಉಳಿದ ಇಪ್ಪತ್ತನಾಲ್ಕು, ಹಾಸಿಗೆ ಹಿಡಿದ ಮೇಲೆ ತಾವಾಗಿ ಹೋದವು. ಅದನ್ನು ಯಾರೂ ಬರೆದಿರಲಿಲ್ಲ.

ಎಲ್ಬರ್ಟ್ ಮೂವತ್ತೊಂದು ವರ್ಷ ನಾರ್ತ್ ಕ್ಯಾರೊಲೈನಾದ ತೂಕ-ಅಳತೆ ವಿಭಾಗದಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಪೆಟ್ರೋಲ್ ಬಂಕುಗಳಲ್ಲಿ ಐದು ಗ್ಯಾಲನ್ನಿನ ಅಳತೆಯ ಪಾತ್ರೆ ಹಿಡಿದು, ಮಾಂಸದಂಗಡಿಗಳಲ್ಲಿ ಹಿತ್ತಾಳೆಯ ಬಟ್ಟುಗಳನ್ನು ಒಂದೊಂದಾಗಿ ಇಟ್ಟು ನೋಡುವುದು ಅವರ ಕೆಲಸ. ಸರಿಯಿದ್ದರೆ ಹಸಿರು ಚೀಟಿ. ತಪ್ಪಿದ್ದರೆ ಕೆಂಪು ಚೀಟಿ. ಕೆಂಪು ಚೀಟಿ ಕಟ್ಟಿದ ತಕ್ಕಡಿಯನ್ನು ಅದರ ಒಡೆಯನೂ ಬಳಸುವಂತಿಲ್ಲ. ಸ್ವಂತ ಸೋದರಮಾವನ ಹತ್ತಿ ತಕ್ಕಡಿಗೆ ಕೆಂಪು ಚೀಟಿ ಕಟ್ಟಿ, ಆ ಮನೆಯ ಊಟವನ್ನು ಹನ್ನೆರಡು ವರ್ಷ ಕಳೆದುಕೊಂಡ ಮನುಷ್ಯ ಅವರು. ಮದುವೆಯಾಗಲಿಲ್ಲ. ನೆಲ್ಡಾಳ ಗಂಡ ರಾಯ್ಸ್ ತೀರಿಕೊಂಡ ಮೇಲೆ ತಂಗಿಯ ಮನೆಯ ಹಿಂದಿನ ಕೋಣೆಗೆ ಬಂದು ನೆಲೆಸಿದರು. ಆರು ವರ್ಷ ಚಿಕ್ಕವಳಾದ ನೆಲ್ಡಾ ಅವರಿಗೆ ಕೊನೆಯವರೆಗೂ ಬೈಗುಳವನ್ನೂ ಅಕ್ಕರೆಯನ್ನೂ ಒಂದೇ ದನಿಯಲ್ಲಿ ಬಡಿಸಿದಳು.

ನೆಲ್ಡಾ ಹುಟ್ಟಿನಿಂದ ದಪ್ಪ. ಶಾಲೆಯಲ್ಲಿ ಯಾರಾದರೂ ಆಡಿಕೊಂಡರೆ, ಅಂಗಡಿಯಲ್ಲಿ ಅವಳ ಅಳತೆಯ ಲಂಗ ಸಿಗದೆ ಹೋದರೆ, ಅವರ ತಾಯಿ ಎದೆಯುಬ್ಬಿಸಿ ಒಂದೇ ಮಾತು ಹೇಳುತ್ತಿದ್ದಳು: “ನಮ್ಮ ನೆಲ್ಡಾ ದಪ್ಪ ಇಲ್ಲ ಕಣ್ರೀ. ಅವಳ ಎಲುಬೇ ದಪ್ಪ.” ಆ ಸೀಮೆಯಲ್ಲಿ ದಪ್ಪ ಹೆಣ್ಣುಮಕ್ಕಳ ಮಾನ ಕಾಯುತ್ತಿದ್ದದ್ದು ಅದೊಂದೇ ಮಾತು. ಮದುವೆಯ ದಿನ ರಾಯ್ಸ್ ಕೂಡ, “ಗಾಳಿಗೆ ಹಾರ್ಕೊಂಡು ಹೋಗದೇ ಇರೋಳು ಸಿಕ್ಕಿದ್ಲಲ್ಲ, ದಪ್ಪ ಎಲುಬಿನೋಳು,” ಎಂದು ನಗಿಸಿದ್ದ. ನೆಲ್ಡಾ ಅದನ್ನು ನಂಬಿದ್ದಳು. ತನ್ನೊಳಗೆ ಮರದ ದಿಮ್ಮಿಗಳಂಥ ಎಲುಬುಗಳಿವೆ, ಉಳಿದದ್ದೆಲ್ಲ ಅವಕ್ಕೆ ಹೊದಿಸಿದ ಬಟ್ಟೆ ಎಂದು ಅವಳ ಎಣಿಕೆ.

ಅವಳಿಗೆ ದೇವರು ಕೊಟ್ಟದ್ದು ದನಿ. ಹೆಂಗಸರ ಕೆಳದನಿಯ ಸಾಲಿನಲ್ಲಿ ಎಡದಿಂದ ಮೂರನೆಯ ಕುರ್ಚಿ ಅವಳದು. ಗಾಯಕರು ಕೂರುವ ಅಟ್ಟಕ್ಕೆ ಚರ್ಚಿನ ಹಿಂಬದಿಯಿಂದ ಹದಿನಾಲ್ಕು ಮೆಟ್ಟಿಲು. 2015ರ ಕ್ರಿಸ್ಮಸ್ಸಿಗೆ ಆ ಮೆಟ್ಟಿಲುಗಳನ್ನು ಅವಳು ಕೊನೆಯ ಸಲ ಹತ್ತಿದ್ದು, ಮಂಡಿಗಳೆರಡೂ ಸವೆದುಹೋಗಿದ್ದವು. ಅಲ್ಲಿಂದ ಮುಂದೆ ಕೆಳಗಿನ ಬೆಂಚಿನಲ್ಲಿ, ಅಣ್ಣನ ಪಕ್ಕ ಕೂತು, ತನ್ನ ಸಾಲನ್ನು ತಾನೇ ಹಾಡಿಕೊಳ್ಳುತ್ತಿದ್ದಳು. ಮುಂದಿನ ಬೆಂಚಿನವರು ತಿರುಗಿ ನೋಡಿದರೆ, “ಕೆಳದನಿ ಅಂದ್ಮೇಲೆ ಕೆಳಗಿಂದಾನೇ ಬರ್ಬೇಕಲ್ವೇನೋ ಅಣ್ಣ,” ಎಂದು ಪಿಸುಗುಡುತ್ತಿದ್ದಳು. ನಗು ಮುಗಿದ ಮೇಲೆ ಕಣ್ಣು ಮಾತ್ರ ಅಟ್ಟದ ಮೂರನೆಯ ಕುರ್ಚಿಯ ಮೇಲೆಯೇ ಇರುತ್ತಿತ್ತು. ಅಲ್ಲಿ ಯಾರೋ ತಮ್ಮ ಕೋಟು ಇಡುತ್ತಿದ್ದರು.

ಮಂಡಿ ಬದಲಾಯಿಸುವ ಡಾಕ್ಟರು ಅವಳ ಎಕ್ಸ್-ರೇ ನೋಡಿದ್ದು ನಾಲ್ಕು ನಿಮಿಷ. ಐದಡಿ ಎತ್ತರದವಳು ಇನ್ನೂರ ನಾಲ್ಕು ಪೌಂಡಿನ ಮೇಲಿದ್ದರೆ ತಾನು ಕತ್ತಿ ಮುಟ್ಟುವುದಿಲ್ಲವೆಂದು ಹೇಳಿ, ಚೀಟಿಯ ಮೇಲೆ 204 ಎಂದು ಬರೆದು ಸುತ್ತ ಒಂದು ಗೆರೆ ಎಳೆದು ಕೊಟ್ಟರು. ಹೇಗೆ ಇಳಿಸಬೇಕು, ಇಳಿಸುವಾಗ ಏನನ್ನು ಕಾಪಾಡಿಕೊಳ್ಳಬೇಕು ಎಂಬ ಬಗ್ಗೆ ಆ ಚೀಟಿಯಲ್ಲಿ ಒಂದಕ್ಷರವಿರಲಿಲ್ಲ. ಎಲ್ಬರ್ಟ್ ಆ ಚೀಟಿಯನ್ನು ಇಂದಿಗೂ ಇಟ್ಟಿದ್ದಾರೆ. ಹಿಂದೆಮುಂದೆ ತಿರುಗಿಸಿ ನೋಡಿದ್ದಾರೆ. ಇಲ್ಲ.

ಚರ್ಚಿನ ಊಟದ ಹಾಲಿನಲ್ಲಿ ಮಂಗಳವಾರ ಬೆಳಗ್ಗೆ ಹತ್ತಕ್ಕೆ ತೂಕದ ಕೂಟ ಸೇರುತ್ತಿತ್ತು. ನಡೆಸುವವಳು ಗ್ಲೆನ್ನಾ ಆಲ್ಮಂಡ್. ನೆಲ್ಡಾಳ ಜೊತೆ ಒಂದನೆಯ ತರಗತಿಯಿಂದ ಓದಿದವಳು. ತಕ್ಕಡಿಯ ಹೊಣೆ ಎಲ್ಬರ್ಟರದು. ಮುಚ್ಚಿಹೋದ ಹಿಂಡಿ-ಬೂಸಾ ಗಿರಣಿಯ ಹರಾಜಿನಲ್ಲಿ ಅವರೇ ತಂದ ಹಲಗೆಯ ತಕ್ಕಡಿ ಅದು: ಕಬ್ಬಿಣದ ಹಲಗೆ ನೆಲದಿಂದ ನಾಲ್ಕೂಕಾಲು ಇಂಚು ಎತ್ತರ, ಎದೆಯ ಮಟ್ಟದಲ್ಲಿ ಬಟ್ಟು ಸರಿಸುವ ಹಿತ್ತಾಳೆಯ ಸರಳು. ಕಾಲು ಪೌಂಡಿನಷ್ಟೂ ಹೆಚ್ಚುಕಡಿಮೆ ತೋರಿಸುತ್ತಿರಲಿಲ್ಲ. ಯಾರು ಎಷ್ಟು ಪೌಂಡು ಇಳಿದರೋ ಅಷ್ಟು ಸಲ ಗಂಟೆ ಬಾರಿಸುವುದು ಕೂಟದ ಪದ್ಧತಿ. ನೆಲ್ಡಾ ಅಡುಗೆ ಮಾಡುತ್ತಿದ್ದ ಶಾಲೆ ಮುಚ್ಚಿದಾಗ ಅವಳೇ ಕಸದಿಂದ ಎತ್ತಿ ತಂದಿದ್ದ ಹಿಡಿಯ ಗಂಟೆ ಅದು. ಇಳಿಯದವರಿಗೆ ಗಂಟೆಯಿಲ್ಲ, ಅವರು ತಲೆ ತಗ್ಗಿಸಿ ಕುರ್ಚಿಗೆ ಹೋಗಬೇಕು, ಅಷ್ಟೆ.

2018ರ ಜನವರಿ 9ರಂದು ನೆಲ್ಡಾ ಹಲಗೆ ಹತ್ತಿದಳು. ಇನ್ನೂರ ನಲವತ್ತಮೂರು.

“ಜೋರಾಗಿ ಹೇಳ್ಬೇಡ್ವೋ, ಪಾದ್ರಿಗಳ ಆಫೀಸು ಪಕ್ಕದಲ್ಲೇ ಇದೆ,” ಎಂದಳು.

“ತಕ್ಕಡಿ ತೋರ್ಸಿದ್ದನ್ನ ಹೇಳೋದು ನನ್ನ ಕೆಲಸ.”

“ತಕ್ಕಡಿ ತೋರ್ಸಿದ್ದನ್ನ ಹೇಳ್ತಾನಂತೆ. ಅದಕ್ಕೇ ನಿನಗೆ ಹೆಣ್ಣು ಸಿಗ್ಲಿಲ್ಲ.”

ಹದಿಮೂರು ಹೆಂಗಸರೂ ನಕ್ಕರು. 2019ರ ಈಸ್ಟರ್ ಭಾನುವಾರ, ಅಂದರೆ ಏಪ್ರಿಲ್ 21ರಂದು, ಅಟ್ಟದ ಮೂರನೆಯ ಕುರ್ಚಿಯಲ್ಲಿ ಕೂತು ಹಾಡುವುದೆಂದು ನೆಲ್ಡಾ ಆ ದಿನವೇ ಎಲ್ಲರೆದುರು ಸಾರಿದಳು. ಗ್ಲೆನ್ನಾ ಗೋಡೆಯ ಹಲಗೆಯ ಮೇಲೆ ಹದಿನಾಲ್ಕು ಮೆಟ್ಟಿಲು ಬರೆದು, ಕೆಳಗೊಂದು ಗುಂಡಗಿನ ಬೊಂಬೆ ಬಿಡಿಸಿದಳು.

ಮಾರ್ಚ್ ನಡುವಿನಲ್ಲಿ ಮಿಸ್ ಗ್ರೀನ್‌ಲೀ ಬಂದಳು. ಆಸ್ಪತ್ರೆಯಲ್ಲಿ ರೋಗಿಗಳನ್ನು ಎಬ್ಬಿಸಿ ನಡೆಸುವ, ವ್ಯಾಯಾಮ ಮಾಡಿಸುವ ಕೆಲಸ ಆಕೆಯದು. ಗುರುವಾರಗಳ ಬಿಡುವಿನಲ್ಲಿ ಚರ್ಚುಗಳಿಗೆ ಹೋಗಿ ವಯಸ್ಸಾದವರಿಗೆ ಕಲಿಸುತ್ತಿದ್ದಳು. ಕೈಗೊಂದೊಂದು ಕಬ್ಬಿಣದ ಗುಂಡು ಕೊಟ್ಟು ಎತ್ತಿಸಿದಳು; ಕುರ್ಚಿಯಿಂದ ಕೈಯೂರದೆ ಎಬ್ಬಿಸಿ ಕೂರಿಸಿದಳು; ಗೋಡೆ ತಳ್ಳಿಸಿದಳು. ಮೊದಲ ವಾರ ಒಂದು ಸಲವೂ ಏಳಲಾಗದ ನೆಲ್ಡಾ ಆರನೆಯ ವಾರಕ್ಕೆ ಹನ್ನೊಂದು ಸಲ ಎದ್ದು ಕೂತಳು. ಮನೆಗೆ ಬಂದವಳೇ ಅಡುಗೆಮನೆಯ ಕುರ್ಚಿಯಲ್ಲೂ ಎದ್ದು ತೋರಿಸಿ, “ನೋಡೋ, ಕಾಲಲ್ಲಿ ಇನ್ನೂ ಜೀವ ಇದೆ,” ಎಂದಳು.

ಆದರೆ ಆ ಆರು ವಾರಗಳಲ್ಲಿ ಅವಳು ಇಳಿದದ್ದು ಒಂದೇ ಪೌಂಡು. ಒಂದು ಮಂಗಳವಾರ ಅರ್ಧ ಪೌಂಡು ಏರಿಯೂ ಇತ್ತು. ಉಳಿದವರ ಕಥೆಯೂ ಅದೇ. ಗಂಟೆ ಮೂಕವಾಯಿತು, ಹಾಲಿನಲ್ಲಿ ಮಾತು ಕಡಿಮೆಯಾಯಿತು. ಏಪ್ರಿಲ್ 24ರಂದು ಗ್ಲೆನ್ನಾ ಎದ್ದು ನಿಂತು, “ಗುರುವಾರದ ಕಸರತ್ತು ಮಂಗಳವಾರದ ತೂಕಾನ ಹಾಳು ಮಾಡ್ತಿದೆ. ಬೇಕೋ ಬೇಡ್ವೋ, ಕೈ ಎತ್ತಿ,” ಎಂದಳು.

ಮಿಸ್ ಗ್ರೀನ್‌ಲೀ ಆ ದಿನ ಕೂಟಕ್ಕೆ ಬಂದಿದ್ದಳು. “ಒಂದ್ನಿಮಿಷ ಮೇಡಂ. ತೂಕ ನಿಂತಿದೆ ಅಂದ್ರೆ ಕೊಬ್ಬು ಹೋಗಿ ಮಾಂಸಖಂಡ ಬಂದಿರ್ಬೋದು. ಬರೀ ಹಸಿದುಕೊಂಡು ಇಳಿದ್ರೆ ಕೊಬ್ಬಿನ ಜೊತೆ ಮಾಂಸಖಂಡಾನೂ ಹೋಗುತ್ತೆ, ಎಲುಬಿನ ಸಾರಾನೂ ಹೋಗುತ್ತೆ. ನಿಮ್ಮ ವಯಸ್ಸಿಗೆ ಹೋದ ಎಲುಬು ವಾಪಸ್ ಬರೋದು ಕಷ್ಟ. ಮಿಸ್ಟರ್ ಲೌಡರ್, ಹೋದದ್ದು ಯಾವುದು ಅಂತ ನಿಮ್ಮ ತಕ್ಕಡಿ ಹೇಳುತ್ತಾ?”

ಎಲ್ಬರ್ಟ್ ತಕ್ಕಡಿಯ ಮೇಲಿನ ಮಾತನ್ನು ತಮ್ಮ ಮೇಲಿನ ಮಾತೆಂದೇ ತೆಗೆದುಕೊಂಡರು. “ಮೂವತ್ತೊಂದು ವರ್ಷ ಈ ಕೆಲಸ ಮಾಡಿದೀನಮ್ಮ. ಗೋಣೀಲಿ ಎಷ್ಟಿದೆ ಅಂತ ನೋಡೋದು ನಮ್ಮ ಇಲಾಖೆ. ಏನಿದೆ ಅಂತ ನೋಡೋದು ಬೇರೆ ಇಲಾಖೆ. ಈ ತಕ್ಕಡಿ ಸುಳ್ಳು ಹೇಳಲ್ಲ.”

ಹೆಂಗಸರು ಗೊಳ್ಳೆಂದು ನಕ್ಕರು. ನೆಲ್ಡಾ ಮಾತ್ರ ಅಣ್ಣನ ಮುಖ ನೋಡಿದಳು. ಎಲ್ಬರ್ಟ್ ಬೇಡವೆನ್ನುವವರ ಪರವಾಗಿ ಕೈ ಎತ್ತಿದರು. ಆಮೇಲೆ ನೆಲ್ಡಾಳ ಕೈಯೂ ಮೇಲೆದ್ದಿತು. ಬೇಡವೆಂದವರು ಹನ್ನೆರಡು ಮಂದಿ, ಬೇಕೆಂದವರು ಇಬ್ಬರು. ಕಬ್ಬಿಣದ ಗುಂಡುಗಳನ್ನು ಕ್ರಿಸ್ಮಸ್ ನಾಟಕದ ಕುರುಬರ ಉಡುಪುಗಳ ಕೆಳಗೆ, ಕಪಾಟಿನ ತಳದಲ್ಲಿ ಇಟ್ಟರು. ಮಿಸ್ ಗ್ರೀನ್‌ಲೀ ಹೊರಡುವಾಗ ಬಾಗಿಲ ಬಳಿ ನಿಂತು, “ಮಿಸ್ ನೆಲ್ಡಾ, ಹನ್ನೊಂದು ಸಲ ಎದ್ದಿದ್ರಿ. ಮನೇಲಾದ್ರೂ ಬಿಡಬೇಡಿ,” ಎಂದಳು. ಬಿಟ್ಟಳು. ಗಂಟೆಯಿಲ್ಲದ ಕೆಲಸವನ್ನು ಒಬ್ಬಳೇ ಎಷ್ಟು ದಿನ ಮಾಡುತ್ತಾಳೆ?

ಆ ಬೇಸಿಗೆಯಲ್ಲಿ ನೆಲ್ಡಾ ಎಲೆಕೋಸಿನ ನೀರುಸಾರಿನ ಮೇಲೆ ಬದುಕಿದಳು. ಮಾಂಸ ಬಿಟ್ಟಳು, ಚೀಸ್ ಬಿಟ್ಟಳು, ಹಾಲು ಬಿಟ್ಟಳು. ಕೊನೆಗೆ, ತಾಯಿಯ ಕಾಲದಿಂದ ಮನೆಯ ರಾತ್ರಿಯೂಟವಾಗಿದ್ದ ಮಜ್ಜಿಗೆ-ಮೆಕ್ಕೆಜೋಳದ ರೊಟ್ಟಿಯನ್ನೂ ಬಿಟ್ಟಳು. ಬಿಸಿ ಬಾಣಲೆಯಿಂದ ತೆಗೆದ ಮೆಕ್ಕೆಜೋಳದ ರೊಟ್ಟಿಯನ್ನು ಎತ್ತರದ ಲೋಟದಲ್ಲಿ ಪುಡಿಮಾಡಿ, ತಣ್ಣನೆಯ ಗಟ್ಟಿ ಮಜ್ಜಿಗೆ ಹೊಯ್ದು, ಉದ್ದ ಚಮಚದಲ್ಲಿ ತಿನ್ನುವುದು. ಎಲ್ಬರ್ಟ್ ಅದನ್ನು ಬಿಡಲಾರದೆ, ಅವಳ ಕಣ್ಣಿಗೆ ಬೀಳದಂತೆ ಹಿತ್ತಲ ಜಗಲಿಯಲ್ಲಿ ನಿಂತು ತಿನ್ನುತ್ತಿದ್ದರು. “ಚಮಚ ಲೋಟಕ್ಕೆ ತಾಗೋ ಸದ್ದು ಕೇಳ್ತಿದೆ ಕಣೋ ಕಳ್ಳ,” ಎಂದು ಒಳಗಿಂದ ಕೂಗು ಬರುತ್ತಿತ್ತು. ಬಟ್ಟೆಗಳು ಸಡಿಲವಾದವು. ಕೆನ್ನೆ ಒಳಗೆ ಹೋಯಿತು. ಎದುರಿಗೆ ಸಿಕ್ಕವರೆಲ್ಲ, “ಎಷ್ಟು ಚೆನ್ನಾಗಿ ಕಾಣ್ತಿದೀಯೇ!” ಎಂದರು. ಕುರ್ಚಿಯಿಂದ ಏಳಲು ಅವಳಿಗೆ ಈಗ ಎರಡೂ ಕೈ ಬೇಕಾಗಿತ್ತೆಂಬುದನ್ನು ಎಲ್ಬರ್ಟ್ ನೋಡಿದ್ದರು. ಅದು ಮಂಡಿಯ ದೋಷವೆಂದು ತೀರ್ಮಾನಿಸಿದ್ದರು.

ಅಕ್ಟೋಬರ್ 30ರಂದು ಸರಳು ಇನ್ನೂರ ಮೂರೂವರೆಯಲ್ಲಿ ಸಮನಾಗಿ ನಿಂತಿತು. ಗೋಡೆಯ ಮೇಲಿನ ಬೊಂಬೆಯನ್ನು ಗ್ಲೆನ್ನಾ ಹದಿನಾಲ್ಕನೆಯ ಮೆಟ್ಟಿಲಿಗೆ ಏರಿಸಿದಳು. ಡಿಸೆಂಬರ್ 11ಕ್ಕೆ ಮಂಡಿಯ ಆಪರೇಷನ್ ನಿಗದಿಯಾಯಿತು. ಅದಕ್ಕೆ ಮುಂಚಿನ ಪರೀಕ್ಷೆಗಳ ಜೊತೆಯಲ್ಲಿ, ಮೂರು ವರ್ಷದ ಹಿಂದೆ ಒಮ್ಮೆ ಮಾಡಿದ್ದ ಎಲುಬಿನ ಎಕ್ಸ್-ರೇ ಪರೀಕ್ಷೆಯನ್ನೂ ಮಾಡಿದರು. ಅದರ ಕಾಗದ ನವೆಂಬರ್ 9ರ ಶುಕ್ರವಾರ ಅಂಚೆಯಲ್ಲಿ ಬಂತು.

ಅಡುಗೆಮನೆಯ ಮೇಜಿನ ಮೇಲೆ ಎಲ್ಬರ್ಟ್ ಕನ್ನಡಕ ಹಾಕಿಕೊಂಡು ಓದಿದರು. ಎಡ ಸೊಂಟ. ಹಿಂದಿನ ಅಂಕ: ಋಣ ಎರಡು ಬಿಂದು ಒಂದು. ಈಗಿನ ಅಂಕ: ಋಣ ಎರಡು ಬಿಂದು ಐದು. ಬದಲಾವಣೆ: ಶೇಕಡಾ ಏಳು ಇಳಿಕೆ. ಡಿಸೆಂಬರ್ 3ರ ಭೇಟಿಯಲ್ಲಿ ನಿಮ್ಮ ವೈದ್ಯರೊಡನೆ ಚರ್ಚಿಸಿ. ಅಷ್ಟೇ ಇತ್ತು. ಅಪಾಯವೆಂಬ ಪದವಿರಲಿಲ್ಲ, ಜೋಪಾನವೆಂಬ ಪದವೂ ಇರಲಿಲ್ಲ.

“ಇಳಿಕೆ ಅಂತಿದೆಯಾ?” ನೆಲ್ಡಾ ಕೇಳಿದಳು.

“ಇಳಿಕೆ ಅಂತಲೇ ಇದೆ. ಶೇಕಡಾ ಏಳು.”

“ಎಲುಬಿಂದು?”

“ಎಲುಬಿಂದೇ. ಹಿಂದೆ ಮೈನಸ್ ಎರಡು ಪಾಯಿಂಟ್ ಒಂದು ಇತ್ತು. ಈಗ ಇನ್ನೂ ಕೆಳಗೆ ಹೋಗಿದೆ.”

ನೆಲ್ಡಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ಬಂತು. “ಅಣ್ಣ, ಎಲುಬೂ ಸಣ್ಣ ಆಯ್ತಲ್ಲೋ! ಹಸಿದ್ರೆ ಕೊಬ್ಬು ಹೋಗುತ್ತೆ, ಎಲುಬು ಎಲ್ಲಿಗೆ ಹೋಗುತ್ತೆ, ಅದು ಅಮ್ಮ ಕೊಟ್ಟಿದ್ದು ಅಂದ್ಕೊಂಡಿದ್ದೆ. ಅದೂ ಕೇಳ್ತು ನೋಡು ನನ್ನ ಮಾತು.”

ಹತ್ತು ತಿಂಗಳಿಂದ ಆ ಮನೆಯಲ್ಲಿ ಕೆಳಗಿಳಿದ ಪ್ರತಿ ಅಂಕಿಯೂ ಶುಭವಾರ್ತೆಯಾಗಿತ್ತು. ಕಳೆಯುವ ಗುರುತು ಕಂಡಲ್ಲೆಲ್ಲ ಗಂಟೆ ಮೊಳಗಿತ್ತು. ಮಿಸ್ ಗ್ರೀನ್‌ಲೀ ಏಪ್ರಿಲ್‌ನಲ್ಲಿ ಹೇಳಿದ್ದ ಮಾತು ಎಲ್ಬರ್ಟರ ನೆನಪಿನಲ್ಲಿ ಎಲ್ಲೋ ಇತ್ತು. ಆ ಕಾಗದದ ಪಕ್ಕಕ್ಕೆ ಬಂದು ನಿಲ್ಲಲಿಲ್ಲ. ಅವರು ಕಾಗದವನ್ನು ಮೂರಾಗಿ ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, “ಮಂಗಳವಾರ ತಗೊಂಡು ಹೋಗೋಣ,” ಎಂದರು.

ನವೆಂಬರ್ 13, ಮಂಗಳವಾರ. ನೆಲ್ಡಾ ಹಲಗೆಯ ಮೇಲೆ ನಿಂತಳು. ಇನ್ನೂರ ಎರಡು. ಒಂದೂವರೆ ಪೌಂಡಿಗೆ ಒಂದೂವರೆ ಸಲ ಗಂಟೆಯಾಯಿತು. ಅರ್ಧಕ್ಕೆ ಎಲ್ಬರ್ಟ್ ಗಂಟೆಯ ನಾಲಗೆಯನ್ನು ಬೆರಳಿಂದ ಮೆಲ್ಲನೆ ತಾಗಿಸುತ್ತಿದ್ದರು. ಆಮೇಲೆ ಕಾಗದ ತೆಗೆದು ಗಟ್ಟಿಯಾಗಿ ಓದಿದರು.

“ಎಲುಬೂ ಇಳೀತಾ? ಅಮ್ಮಮ್ಮಾ!” ಗ್ಲೆನ್ನಾ ಚಪ್ಪಾಳೆ ತಟ್ಟಿದಳು. “ಇದು ನಮ್ಮ ಕೂಟದಲ್ಲಿ ಯಾರಿಗೂ ಆಗಿರ್ಲಿಲ್ಲ. ಎಲ್ಬರ್ಟ್, ಏಳು ಬಾರ್ಸು!”

“ಏಳು ಶೇಕಡಾ ಲೆಕ್ಕ, ಪೌಂಡಲ್ಲ,” ಎಂದರು ಎಲ್ಬರ್ಟ್. “ಶೇಕಡಾಕ್ಕೆ ಬಾರ್ಸೋ ಪದ್ಧತಿ ಇಲ್ಲ. ಅಂಕಕ್ಕೆ ಬೇಕಾದ್ರೆ ಬಾರ್ಸ್ತೀನಿ. ಎರಡೂವರೆ.”

“ಬಾರ್ಸೋ ಮಾರಾಯ, ಈಸ್ಟರ್ ಬಂದ್ಬಿಡುತ್ತೆ!” ನೆಲ್ಡಾ ಹಲಗೆಯ ಮೇಲಿಂದಲೇ ಕೂಗಿದಳು.

ಬಾರಿಸಿದರು. ಎರಡು ಪೂರ್ತಿ, ಒಂದು ಅರ್ಧ.

ಪ್ರತಿ ಮಂಗಳವಾರವೂ ತಂಗಿ ಹಲಗೆಯಿಂದ ಇಳಿಯುವಾಗ ಎಲ್ಬರ್ಟ್ ಎಡಗೈ ಚಾಚುತ್ತಿದ್ದರು. ಆ ದಿನ ಎಡಗೈಯಲ್ಲಿ ಕಾಗದವಿತ್ತು, ಬಲಗೈಯಲ್ಲಿ ಗಂಟೆ. ನೆಲ್ಡಾ ಚಪ್ಪಾಳೆಗೆ ಕೈಯಾಡಿಸುತ್ತ ತಾನೇ ಕಾಲು ಕೆಳಗಿಟ್ಟಳು. ಮಂಡಿ ಮಡಿಚಿತು. ಅವಳು ಬಿದ್ದಳೆನ್ನುವುದಕ್ಕಿಂತ ಎಡಮಗ್ಗುಲಾಗಿ ಕುಸಿದು ಕೂತಳೆನ್ನಬೇಕು. ನಾಲ್ಕೂಕಾಲು ಇಂಚು. ಕೆಳಗೆ ರತ್ನಗಂಬಳಿ.

“ನೆಲಕ್ಕೇನಾದ್ರೂ ಆಯ್ತಾ ನೋಡ್ರೇ,” ಎಂದಳು. ಎಲ್ಲರೂ ನಕ್ಕರು. ನಗುತ್ತಲೇ ನಾಲ್ಕು ಜನ ಎತ್ತಲು ಬಂದರು. ಆಗ ಗ್ಲೆನ್ನಾ ಅವಳ ಎಡಪಾದವನ್ನು ನೋಡಿದಳು. ಅದು ಹೊರಕ್ಕೆ, ಬಾಗಿಲಿನ ಕಡೆಗೆ ತಿರುಗಿ ಮಲಗಿತ್ತು. ನೆಲ್ಡಾ ಮಾತ್ರ ನೇರವಾಗಿ ಕೂತಿದ್ದಳು.

ಸೊಂಟದ ಎಲುಬು ಮುರಿದಿತ್ತು. ಮರುದಿನ ಲೋಹದ ಸಲಾಕೆ ಹಾಕಿ ಕೂಡಿಸಿದರು. ಅದರ ಮರುದಿನ ಅವಳನ್ನು ಎಬ್ಬಿಸಿ ನಿಲ್ಲಿಸಲು ಬಂದವಳು ಮಿಸ್ ಗ್ರೀನ್‌ಲೀ. ನೋವಿನ ಔಷಧಿಯ ಮಂಪರಿನಲ್ಲಿದ್ದ ನೆಲ್ಡಾಳಿಗೆ ಗುರುತು ಸಿಗಲಿಲ್ಲ. ಎಲ್ಬರ್ಟ್ ಆಕೆಯನ್ನು ಹೊರಗಿನ ಓಣಿಗೆ ಕರೆದು, ಜೇಬಿನ ಕಾಗದ ಬಿಚ್ಚಿ ಕೊಟ್ಟರು.

“ಇದೇನು ಅಂತ ನನಗೆ ಸರಿಯಾಗಿ ಹೇಳಮ್ಮ. ಕಮ್ಮಿ ಮಾಡಿ ಹೇಳ್ಬೇಡ.”

ಆಕೆ ಓದಿದಳು. ಎರಡು ಸಲ ಓದಿದಳು. “ಸಾರ್, ಇದು ಎಲುಬು ಎಷ್ಟು ಗಟ್ಟಿ ಇದೆ ಅನ್ನೋ ಲೆಕ್ಕ. ಸೊನ್ನೆಯಿಂದ ಕೆಳಗೆ ಹೋದಷ್ಟೂ ಕೆಟ್ಟದ್ದು. ಮೈನಸ್ ಎರಡೂವರೆಗೆ ಬಂತು ಅಂದ್ರೆ ಎಲುಬು ಟೊಳ್ಳಾಗಿದೆ ಅಂತ. ಇದು ಯಾವತ್ತು ಬಂತು?”

“ಶುಕ್ರವಾರ. ಬಿದ್ದದ್ದು ಮಂಗಳವಾರ.”

“ಯಾರೂ ಫೋನ್ ಮಾಡ್ಲಿಲ್ವಾ? ಹುಷಾರಾಗಿರಿ ಅಂತ?”

“ಇಲ್ಲ.” ಎಲ್ಬರ್ಟ್ ಓಣಿಯ ಕೊನೆಯ ಕಿಟಕಿಯನ್ನು ನೋಡಿದರು. “ನಾವು ಗಂಟೆ ಬಾರಿಸಿದ್ವಿ.”

“ಏನು ಸಾರ್?”

“ಇದಕ್ಕೆ. ಎರಡೂವರೆ ಸಲ. ನಾನೇ ಬಾರಿಸ್ದೆ.”

ಮಿಸ್ ಗ್ರೀನ್‌ಲೀ ಕಾಗದವನ್ನು ಮೊದಲಿನಂತೆ ಮೂರಾಗಿ ಮಡಿಚಿ ಅವರ ಕೈಗೆ ಕೊಟ್ಟಳು. ‘ನಾನು ಹೇಳಿರಲಿಲ್ಲವೇ’ ಎಂಬ ಮಾತು ಆಕೆಯ ಬಾಯಿಂದ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಬಂದಿದ್ದರೆ ಎಲ್ಬರ್ಟರಿಗೆ ಹಗುರವಾಗುತ್ತಿತ್ತು.

“ಆ ಗುಂಡು ಎತ್ತೋದನ್ನ ಬಿಡದೇ ಇದ್ದಿದ್ರೆ? ಹಾಲು ಬಿಡದೇ ಇದ್ದಿದ್ರೆ? ಮುರೀತಿರ್ಲಿಲ್ವಾ?”

“ಹಾಗಂತ ಬರ್ಕೊಡೋಕೆ ನನಗಾಗಲ್ಲ ಸಾರ್. ತೂಕ ಇಳಿಸಿದ್ದು ತಪ್ಪಲ್ಲ, ಮಂಡಿಗೆ ಅದು ಬೇಕಿತ್ತು. ನಿಧಾನಕ್ಕೆ, ತಿನ್ನೋದನ್ನ ತಿಂದ್ಕೊಂಡು, ಭಾರ ಎತ್ಕೊಂಡು ಇಳಿಸಿದ್ರೆ ಕಾಲಲ್ಲಿ ಶಕ್ತಿ ಉಳೀತಿತ್ತು. ಬೀಳ್ತಿರ್ಲಿಲ್ವೇನೋ. ಎಲುಬು ಎಷ್ಟು ಉಳೀತಿತ್ತು ಅಂತ ದೊಡ್ಡ ದೊ‍ಡ್ಡೋರೂ ಇನ್ನೂ ಹುಡುಕ್ತಾನೇ ಇದಾರೆ. ಗೊತ್ತಿಲ್ಲ ಸಾರ್.”

ಜೀವಮಾನವಿಡೀ ಖಚಿತವಾದ ಉತ್ತರಕ್ಕಾಗಿ ಜನರನ್ನು ಪೀಡಿಸಿದ ಎಲ್ಬರ್ಟರಿಗೆ ಆ ‘ಗೊತ್ತಿಲ್ಲ’ ಎಂಬುದು ಶಿಕ್ಷೆಗಿಂತ ಹೆಚ್ಚಾಯಿತು. ಅವರು ಮಂಡಿಯ ಡಾಕ್ಟರಿಗೂ, ಎಲುಬಿನ ಕಾಗದ ಕಳಿಸಿದ ಕಚೇರಿಗೂ ದಿನಾಂಕಗಳ ಸಮೇತ ಎರಡೆರಡು ಪುಟ ಬರೆದರು. ಇನ್ನೂರ ನಾಲ್ಕು ಎಂದು ಬರೆಯಲು ಕೈ ಬಂದವರಿಗೆ ಇನ್ನೊಂದು ಸಾಲು ಬರೆಯಲು ಏನಡ್ಡಿಯಿತ್ತು ಎಂದು ಕೇಳಿದರು. ಒಂದು ಕಡೆಯಿಂದ ಅಚ್ಚು ಹಾಕಿದ ವಿಷಾದಪತ್ರ ಬಂತು. ಇನ್ನೊಂದು ಕಡೆಯಿಂದ ಅದೂ ಇಲ್ಲ. ಮೂರನೆಯ ಪತ್ರವನ್ನು ಯಾರಿಗೆ ಬರೆಯಬೇಕೆಂಬುದು ಅವರಿಗೆ ಗೊತ್ತಿತ್ತು. ಅದಕ್ಕೆ ಅಂಚೆಯ ಅಗತ್ಯವಿರಲಿಲ್ಲ.

ಡಿಸೆಂಬರ್ 11ರ ಮಂಗಳವಾರ, ನೆಲ್ಡಾಳ ಮಂಡಿಗೆ ಗೊತ್ತಾಗಿದ್ದ ದಿನ, ಎಲ್ಬರ್ಟ್ ಐವತ್ತು ಪೌಂಡಿನ ತಮ್ಮ ನಾಲ್ಕು ಬಟ್ಟುಗಳನ್ನು ಗಾಡಿಯಲ್ಲಿ ಹೇರಿಕೊಂಡು ಊಟದ ಹಾಲಿಗೆ ಹೋದರು. ಒಂದೊಂದನ್ನೇ ಹಲಗೆಯ ಮೇಲಿಟ್ಟು ಸರಳು ಸರಿಸಿ ನೋಡಿದರು. ಐವತ್ತು, ನೂರು, ನೂರ ಐವತ್ತು, ಇನ್ನೂರು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವರು ಜೇಬಿನಿಂದ, ನೌಕರಿಯ ಕಾಲದಿಂದ ಉಳಿದಿದ್ದ ಒಂದೇ ಒಂದು ಕೆಂಪು ಚೀಟಿ ತೆಗೆದು ಸರಳಿಗೆ ತಂತಿಯಿಂದ ಬಿಗಿದರು. ನಿವೃತ್ತನಾದವನಿಗೆ ಆ ಅಧಿಕಾರವಿಲ್ಲವೆಂಬುದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

“ತಕ್ಕಡಿ ಕೆಟ್ಟಿದೆಯಾ ಎಲ್ಬರ್ಟ್?” ಗ್ಲೆನ್ನಾ ಕೇಳಿದಳು.

“ಇಲ್ಲ. ಸರಿಯಾಗೇ ಇದೆ.”

“ಮತ್ತೆ ಇದ್ಯಾಕೆ?”

ಚೀಟಿಯ ಮೇಲೆ ‘ಕಾರಣ’ ಎಂದಿದ್ದ ಜಾಗದಲ್ಲಿ ಅವರು ಪೆನ್ಸಿಲ್‌ನಿಂದ ಬರೆದರು: ಗೋಣಿಯಲ್ಲಿ ಏನಿದೆಯೆಂದು ನೋಡಲಿಲ್ಲ. ಕೆಳಗೆ ಸಹಿ, ದಿನಾಂಕ. ಗ್ಲೆನ್ನಾ ಅದನ್ನು ಓದಿ, ಕುರ್ಚಿಯಲ್ಲಿ ಕೂತು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕಪಾಟಿನ ತಳದಿಂದ ಕಬ್ಬಿಣದ ಗುಂಡುಗಳನ್ನು ಹೊರತೆಗೆದವಳೂ ಅವಳೇ. ಗುರುವಾರದ ವ್ಯಾಯಾಮ ಈಗ ಪುನಃ ನಡೆಯುತ್ತಿದೆ. ಒಂಬತ್ತು ಜನ ಹೋಗುತ್ತಾರೆ. ಅದು ನೆಲ್ಡಾಳಿಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ಆಸ್ಪತ್ರೆಯಿಂದ ಅವಳನ್ನು ಶುಶ್ರೂಷೆಯ ಮನೆಯೊಂದಕ್ಕೆ ಸಾಗಿಸಿದರು. ಮೊದಮೊದಲು ಮಿಸ್ ಗ್ರೀನ್‌ಲೀ ಸಂಜೆಗಳಲ್ಲಿ ಬಂದು ಎಬ್ಬಿಸುತ್ತಿದ್ದಳು. ಕಂಬಿ ಹಿಡಿದು ನಾಲ್ಕು ಹೆಜ್ಜೆ, ಒಮ್ಮೆ ಏಳು. ಜನವರಿಯಲ್ಲಿ ಎದೆಯಲ್ಲಿ ಕಫ ಕಟ್ಟಿತು, ಹೆಜ್ಜೆಗಳು ನಿಂತವು. ಮನಸ್ಸು ಹಿಂದೆಮುಂದೆ ಓಡಾಡತೊಡಗಿತು. ಒಮ್ಮೆ ಶಾಲೆಯ ಮಕ್ಕಳಿಗೆ ಎಷ್ಟು ಬಿಸ್ಕಿಟ್ಟು ಬೇಯಿಸಬೇಕೆಂದು ಕೇಳುತ್ತಿದ್ದಳು. ಒಮ್ಮೆ ಅಟ್ಟದ ಕುರ್ಚಿಯ ಮೇಲಿನ ಕೋಟು ಯಾರದೆಂದು ಕೇಳುತ್ತಿದ್ದಳು. ಆ ಮನೆಯಲ್ಲೂ ತೂಕ ನೋಡುವ ದಿನ ಮಂಗಳವಾರವೇ ಆಗಿತ್ತು. ಕೂರಿಸಿ ತೂಗುವ ಕುರ್ಚಿ ಅದು. ಸರಿಯಿದೆಯೇ ಎಂದು ಎಲ್ಬರ್ಟ್ ಪರೀಕ್ಷಿಸಲಿಲ್ಲ.

ಫೆಬ್ರವರಿ 26ರ ಮಂಗಳವಾರ ಅಲ್ಲಿನ ಒಬ್ಬಾಕೆ, ಒಳ್ಳೆಯ ಮನಸ್ಸಿನವಳೇ, ಹಾಳೆಯಲ್ಲಿ ಬರೆದುಕೊಳ್ಳುತ್ತ, “ನೂರ ಎಪ್ಪತ್ತೆಂಟು! ಇನ್ನೂ ಮೂರು ಇಳಿದಿದೀರಿ ಮಿಸ್ ನೆಲ್ಡಾ,” ಎಂದಳು. ನೆಲ್ಡಾಳ ಮುಖ ಅರಳಿತು. ದಿಂಬಿನ ಮೇಲೆ ತಲೆ ಹೊರಳಿಸಿ ಅಣ್ಣನನ್ನು ಹುಡುಕಿದಳು.

“ಕೇಳ್ದ್ಯೇನೋ? ಮೂರು. ಬಾರ್ಸು.”

“ಗಂಟೆ ಚರ್ಚಲ್ಲಿದೆ ಕಣೇ.”

“ಮರ್ತು ಬಂದ್ಯಾ? ಸರಿ, ಲೆಕ್ಕ ಇಟ್ಕೊಂಡಿರು. ಆಮೇಲೆ ಒಟ್ಟಿಗೆ ಬಾರ್ಸೋವಂತೆ.”

ಗುರುವಾರ, ಫೆಬ್ರವರಿ 28ರಂದು, ಎಲ್ಬರ್ಟ್ ಬೆಳಗ್ಗೆ ಬೇಗ ಎದ್ದು ತಾಯಿಯ ಕಬ್ಬಿಣದ ಬಾಣಲೆಯಲ್ಲಿ ಮೆಕ್ಕೆಜೋಳದ ರೊಟ್ಟಿ ಬೇಯಿಸಿದರು. ಅಂಚು ಸ್ವಲ್ಪ ಸೀದಿತು. ಎತ್ತರದ ಲೋಟ, ಉದ್ದ ಚಮಚ, ಬಾಟಲಿಯಲ್ಲಿ ಗಟ್ಟಿ ಮಜ್ಜಿಗೆ ಎಲ್ಲವನ್ನೂ ಚೀಲದಲ್ಲಿಟ್ಟುಕೊಂಡು ಹೋದರು. ಹಾಸಿಗೆಯ ಪಕ್ಕ ಕೂತು, ಅವಳೆದುರಿಗೇ ರೊಟ್ಟಿ ಪುಡಿಮಾಡಿ ಮಜ್ಜಿಗೆ ಹೊಯ್ದು ಕಲಸಿದರು. ಚಮಚ ಲೋಟಕ್ಕೆ ತಾಗಿ ಸದ್ದಾಯಿತು.

ನೆಲ್ಡಾ ಕಣ್ಣು ಬಿಟ್ಟಳು. “ಕಳ್ಳ,” ಎಂದಳು.

“ಹೂಂ. ಬಾಯಿ ತೆಗಿ.”

ಅವಳು ಲೋಟವನ್ನು ಬಹಳ ಹೊತ್ತು ನೋಡಿದಳು. ಮೂಗಿನ ಹೊಳ್ಳೆಗಳು ಅರಳಿದವು. ಹೊದಿಕೆಯ ಮೇಲಿದ್ದ ಕೈ, ಒಂದು ಕಾಲಕ್ಕೆ ನಾನ್ನೂರು ಮಕ್ಕಳಿಗೆ ಹಿಟ್ಟು ನಾದುತ್ತಿದ್ದ ಕೈ, ಒಂದಂಗುಲ ಮೇಲೆದ್ದು ಮತ್ತೆ ಮಲಗಿತು. ಎಲ್ಬರ್ಟ್ ಚಮಚವನ್ನು ಅವಳ ತುಟಿಯ ಬಳಿಗೆ ಒಯ್ದರು.

“ಒಂದೇ ಒಂದು ಚಮಚ ನೆಲ್ಡಾ. ಅಮ್ಮನ ಬಾಣಲೇಲಿ ಮಾಡಿದ್ದು. ನನಗೋಸ್ಕರ.”

ನೆಲ್ಡಾ ತುಟಿ ಬಿಗಿದು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಚಿಕ್ಕವಳಿದ್ದಾಗ ಗುಟ್ಟು ಹೇಳುವಾಗ ನಗುತ್ತಿದ್ದಂತೆಯೇ ಮೆಲ್ಲಗೆ ನಕ್ಕಳು.

“ಬೇಡ ಕಣೋ ಅಣ್ಣ. ಮಂಗಳವಾರ ತೂಕ ಇದೆ.”